ತುಂಟನ ಪಾತ್ರಕ್ಕೆ ಮಗುವನ್ನು ಹೇಗೆ ಆರಿಸುತ್ತಾರೆ?

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂತು. ಫ್ಯಾಂಟಸಿ, ಅಂದರೆ ಮಾಯಾಲೋಕದ ಕಥೆಯ ಸಿನಿಮಾವೊಂದಕ್ಕೆ 8ರಿಂದ 11 ವರ್ಷದೊಳಗಿನ ಹುಡುಗ ಬೇಕು, ‘ನಟ್‌ಖಟ್’ ಆಗಿರಬೇಕು, ಮುಂಬಯಿಯಲ್ಲೇ ಇರುವವರಿಗೆ ಮೊದಲ ಆದ್ಯತೆ. ಅರ್ಧ ಗಂಟೆಯಲ್ಲಿ ಗುಂಪಿನ ತುಂಬ ಮಕ್ಕಳ ಫೋಟೊ. ಡೊಂಬಿವಲಿಯಿಂದ ಒಂದು, ಮೀರಾ ರೋಡಿನಿಂದ ನಾಲ್ಕು, ಭಾಂಡೂಪಿನಿಂದ ಎರಡು. “ನಮ್ಮವನಷ್ಟು ತುಂಟ ಇಡೀ ಬಿಲ್ಡಿಂಗಿನಲ್ಲೇ ಇಲ್ಲ” ಎಂದು ಬರೆಯದ ತಾಯಂದಿರೇ ಇರಲಿಲ್ಲ.

ಅವತ್ತೇ ರಾತ್ರಿ ಅಕ್ಕನ ಫೋನ್. “ಮಾರಾಯ, ನೀನು ಭಾನುವಾರ ಮಕ್ಕಳಿಗೆ ನಾಟಕ ಹೇಳಿಕೊಡುವವನಲ್ಲವಾ? ನನ್ನ ಮಗನನ್ನೊಮ್ಮೆ ಕರ್ಕೊಂಡು ಹೋಗು. ಅಲ್ಲಿ ಏನು ಕೇಳ್ತಾರೆ, ಏನು ಮಾಡಿಸ್ತಾರೆ, ನನಗೊಂದೂ ಗೊತ್ತಿಲ್ಲ.”

ಅಕ್ಕನ ಹಾಗೆಯೇ ಗೊತ್ತಿಲ್ಲದವರು ಆ ಗುಂಪಿನಲ್ಲಿ ಬಹಳ ಮಂದಿ ಇದ್ದರು. ಸಿನಿಮಾ ತಯಾರಾಗುವ ಊರಿನಲ್ಲೇ ನಾವು ಮೂರು ತಲೆಮಾರಿನಿಂದ ಇದ್ದೇವೆ, ಆದರೆ ಆ ಬಾಗಿಲಿನ ಒಳಗೆ ಏನು ನಡೆಯುತ್ತದೆ ಎಂದು ತಿಳಿದವರು ಕಡಿಮೆ. ಈ ಬರಹ ಅವರಿಗಾಗಿ.

ಕಾಸ್ಟಿಂಗ್ ಅಂದರೆ ಏನು

ಕಥೆಯಲ್ಲಿರುವ ಪಾತ್ರಕ್ಕೆ ತಕ್ಕ ಮನುಷ್ಯರನ್ನು ಹುಡುಕುವ ಕೆಲಸವೇ ಕಾಸ್ಟಿಂಗ್. ಮದುವೆಗೆ ಸಂಬಂಧ ಹುಡುಕುವಾಗ ದಲ್ಲಾಳಿ ಎರಡೂ ಮನೆಯವರ ಬೇಕು ಬೇಡಗಳನ್ನು ತಿಳಿದುಕೊಂಡು ಓಡಾಡುತ್ತಾನಲ್ಲ, ಇಲ್ಲಿ ಆ ಕೆಲಸ ಮಾಡುವವರು ಕಾಸ್ಟಿಂಗ್ ಡೈರೆಕ್ಟರ್. ಕೊನೆಯ ಮಾತು ಮಾತ್ರ ನಿರ್ದೇಶಕರದು, ದೊಡ್ಡ ಚಿತ್ರವಾದರೆ ನಿರ್ಮಾಪಕರದೂ ಹೌದು.

ಮೊದಲು ಪಾತ್ರದ ವಿವರ ಬರೆಯುತ್ತಾರೆ: ವಯಸ್ಸು, ಎತ್ತರ, ಭಾಷೆ, ಸ್ವಭಾವ. ಆಮೇಲೆ ಆಡಿಷನ್, ಅಂದರೆ ಕ್ಯಾಮೆರಾ ಮುಂದೆ ಒಂದು ಸಣ್ಣ ಸನ್ನಿವೇಶ ಆಡಿ ತೋರಿಸುವುದು. ಈಗೀಗ ಮೊದಲ ಸುತ್ತು ಮನೆಯಿಂದ ಕಳಿಸುವ ಮೊಬೈಲ್ ವಿಡಿಯೊದಲ್ಲೇ ಮುಗಿಯುವುದುಂಟು. ಅದರಲ್ಲಿ ಹಿಡಿಸಿದವರನ್ನು ಮತ್ತೆ ಕರೆಯುತ್ತಾರೆ. ಮುಂದಿನದು ಲುಕ್ ಟೆಸ್ಟ್, ವೇಷ ಹಾಕಿ ನೋಡುವುದು. ಎಲ್ಲ ಸರಿಹೋದರೆ ಕಾರ್ಯಾಗಾರ, ಅದಾದ ಮೇಲೆ ಚಿತ್ರೀಕರಣ. ಮುಂಬಯಿಯಲ್ಲಿ ಈ ಓಡಾಟದ ಬಹುಪಾಲು ಅಂಧೇರಿ ಪಶ್ಚಿಮದಲ್ಲಿ. ವರ್ಸೋವಾ ಬಳಿಯ ಆರಾಮ್ ನಗರದ ಹೆಸರು ಎಷ್ಟೋ ವರ್ಷಗಳಿಂದ ಆಡಿಷನ್ ಎಂಬ ಪದಕ್ಕೆ ಅಂಟಿಕೊಂಡುಬಿಟ್ಟಿದೆ.

‘ನಟ್‌ಖಟ್’ ಎಂಬ ಒಂದು ಪದ

ಆ ಸಂದೇಶದ ಹಿಂದಿ ಪದವನ್ನು ನಾವು ‘ತುಂಟ’ ಎಂದು ಓದಿಕೊಂಡೆವು. ಆದರೆ ಕನ್ನಡದಲ್ಲಿ ಇದಕ್ಕೆ ಎಷ್ಟು ಪದಗಳಿವೆ ನೋಡಿ. ತುಂಟ, ಕಿಲಾಡಿ, ತರಲೆ, ಪೋಕರಿ. ಅಜ್ಜನ ಕನ್ನಡಕ ಅಡಗಿಸಿಟ್ಟು, ಅಜ್ಜ ಹುಡುಕುವುದನ್ನು ಬಾಗಿಲ ಸಂದಿಯಿಂದ ನೋಡುವವನು ತುಂಟ. ಕನ್ನಡಕ ಹುಡುಕಿಕೊಟ್ಟಂತೆ ಮಾಡಿ ಹತ್ತು ರೂಪಾಯಿ ಗಿಟ್ಟಿಸುವವನು ಕಿಲಾಡಿ. ಹುಡುಕುತ್ತಿರುವ ಅಜ್ಜನಿಗೆ ಅಡ್ಡ ಮಾತಾಡಿ ತಲೆ ತಿನ್ನುವವನು ತರಲೆ. ಕನ್ನಡಕವನ್ನೇ ಮುರಿದು ಹಾಕಿ ನಗುವವನಿಗೆ ಪೋಕರಿ ಎನ್ನುತ್ತೇವೆ, ಆಗ ನಮ್ಮ ದನಿಯಲ್ಲಿ ಪ್ರೀತಿ ಇರುವುದಿಲ್ಲ.

ಚಿತ್ರತಂಡವೂ ತನ್ನ ಪಾತ್ರ ಇವುಗಳಲ್ಲಿ ಯಾವುದು ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಫ್ಯಾಂಟಸಿಯಲ್ಲಿ ತುಂಟ ಪಾತ್ರಗಳು ಎರಡು ಬಗೆ. ಒಂದು, ಮಾಯಾಲೋಕಕ್ಕೆ ಹೋಗಿ ಸಿಕ್ಕಿಕೊಳ್ಳುವ ನಮ್ಮ ನಿಮ್ಮಂಥ ಮಗು. 2002ರ ಹಿಂದಿ ಚಿತ್ರ ‘ಮಕ್‌ಡೀ’ಯ ಚುನ್ನಿ ಇಂಥವಳು. ಮಾಟಗಾತಿಯ ಕಥೆಯಲ್ಲಿ ತುಂಟಿ ಚುನ್ನಿ, ಸಾಧು ಸ್ವಭಾವದ ಮುನ್ನಿ ಎಂಬ ಅವಳಿಗಳಾಗಿ ಎರಡೂ ಪಾತ್ರ ಮಾಡಿದ್ದು ಶ್ವೇತಾ ಬಸು ಪ್ರಸಾದ್. ಅದಕ್ಕೆ ಅತ್ಯುತ್ತಮ ಬಾಲನಟಿ ರಾಷ್ಟ್ರಪ್ರಶಸ್ತಿಯೂ ಬಂತು. ಇನ್ನೊಂದು ಬಗೆಯಲ್ಲಿ ತುಂಟನೇ ಮಾಯಾಜೀವಿ. ನಮ್ಮ ದೇಶದ ಮೊದಲ ತ್ರೀಡಿ ಚಿತ್ರ, 1984ರ ಮಲಯಾಳದ ‘ಮೈ ಡಿಯರ್ ಕುಟ್ಟಿಚ್ಚಾತ್ತನ್’ನಲ್ಲಿ ಮಕ್ಕಳ ಗೆಳೆಯನಾಗುವ ಚಾತ್ತನ್ ಹೀಗೆ. ಹಿಂದಿಯಲ್ಲಿ ‘ಛೋಟಾ ಚೇತನ್’ ಎಂದು ಬಂದಾಗ ಮುಂಬಯಿಯ ಮಕ್ಕಳೂ ಕನ್ನಡಕ ಹಾಕಿ ನೋಡಿದ್ದರು.

ಮೊದಲನೆಯ ಬಗೆಗೆ ಪಕ್ಕದ ಮನೆಯ ಮಗುವಿನಂತೆ ಕಾಣುವ ಮುಖ ಸಾಕು. ಎರಡನೆಯದರಲ್ಲಿ ಮಗು ಮಗುವಾಗಿಯೂ ಇರಬೇಕು, ಇದು ನಮ್ಮ ಲೋಕದ್ದಲ್ಲ ಎಂಬ ಸಣ್ಣ ಅನುಮಾನವೂ ಹುಟ್ಟಬೇಕು. ಆ ಅನುಮಾನ ಹೆಚ್ಚಿನ ಸಲ ಕಣ್ಣಿನಿಂದ ಬರುತ್ತದೆ. ಬಣ್ಣ ಎಷ್ಟು ಬಳಿದರೂ ಅದು ಹುಟ್ಟುವುದಿಲ್ಲ.

ಆಡಿಷನ್ ಕೋಣೆಯಲ್ಲಿ

ಅಂಧೇರಿಯ ಆ ಕೋಣೆ ನಮ್ಮ ಚಾಳಿನ ಕೋಣೆಗಿಂತ ದೊಡ್ಡದೇನಲ್ಲ. ಒಂದು ಬಿಳಿ ಗೋಡೆ, ಸ್ಟ್ಯಾಂಡಿನ ಮೇಲೆ ಕ್ಯಾಮೆರಾ, ಎರಡು ದೀಪ. ಮೊದಲು ಪರಿಚಯ: ಹೆಸರು, ವಯಸ್ಸು, ಎತ್ತರ. ಎಡಕ್ಕೆ ತಿರುಗು, ಬಲಕ್ಕೆ ತಿರುಗು, ಎರಡೂ ಕೈ ತೋರಿಸು. ಆಮೇಲೆ ಆಡಿಷನ್ ಮಾಡಿಸುವ ಹುಡುಗಿ ಮೇಜಿನ ಮೇಲೆ ಒಂದು ಸ್ಟೀಲ್ ಡಬ್ಬಿ ಇಟ್ಟಳು. “ಅಜ್ಜಿ ಅಲ್ಲಿ ಮಲಗಿದ್ದಾರೆ. ಇದರಲ್ಲಿ ಲಾಡು ಇದೆ. ತೆಗೆದುಕೋ, ನೋಡೋಣ.”

ಅಕ್ಕನ ಮಗ ಮನೆಯಲ್ಲಿ ಮಾಡಿದ್ದನ್ನೇ ಮಾಡಿದ. ನಾಲಿಗೆ ಚಾಚಿದ, ಹುಬ್ಬು ಕುಣಿಸಿದ, ಕಳ್ಳಹೆಜ್ಜೆ ಇಟ್ಟ, ಕ್ಯಾಮೆರಾ ಕಡೆ ನೋಡಿ ಕಣ್ಣು ಮಿಟುಕಿಸಿದ. ಹೊರಗೆ ಕಾಯುತ್ತಿದ್ದ ಎಲ್ಲ ಮಕ್ಕಳೂ ಇದನ್ನೇ ಮಾಡಿರಬೇಕು. ಆಕೆ ಬೈಯಲಿಲ್ಲ, ಹೊಗಳಲೂ ಇಲ್ಲ. “ಈ ಸಲ ನಗಬೇಡ. ನೀನು ಕದಿಯುತ್ತಿರುವುದು ನಿನಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ.”

ಎರಡನೆಯ ಸಲ ಅವನು ಡಬ್ಬಿಯ ಹತ್ತಿರ ಹೋಗಿ ಸುಮ್ಮನೆ ನಿಂತ. ಉಗುರಿನಿಂದ ಮುಚ್ಚಳದ ಅಂಚನ್ನು ಎತ್ತುವಾಗ ಅದು ಠಣ್ ಎಂದಿತು. ಅವನು ಅಲುಗಾಡದೆ ತನ್ನ ಕಣ್ಣನ್ನು ಗಟ್ಟಿಯಾಗಿ ಮುಚ್ಚಿಕೊಂಡ. ತಾನು ಅಜ್ಜಿಯನ್ನು ನೋಡದಿದ್ದರೆ ಅಜ್ಜಿಯೂ ತನ್ನನ್ನು ನೋಡುವುದಿಲ್ಲ ಎಂಬಂತೆ. ಆ ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ನಾನು ಹತ್ತು ವರ್ಷದಿಂದ ಮಕ್ಕಳಿಗೆ ನಾಟಕ ಹೇಳಿಕೊಡುತ್ತಿದ್ದೇನೆ, ಆ ಕಣ್ಣು ಮುಚ್ಚಿದ್ದನ್ನು ನಾನು ಯಾವತ್ತೂ ಹೇಳಿಕೊಡಲಾರೆ.

ತುಂಟತನ ನಟನೆಯಾಗಿ ಹೇಗೆ ನಡೆಯುತ್ತದೆ ಎನ್ನುವುದು ಇದರಲ್ಲೇ ಇದೆ. ಅದಕ್ಕೆ ಒಂದು ಆಸೆ ಬೇಕು, ಇಲ್ಲಿ ಲಾಡು. ಒಂದು ಗುಟ್ಟು ಬೇಕು, ಸಿಕ್ಕಿಬೀಳುವ ಭಯವೂ ಬೇಕು. ಮಗು ಇವನ್ನು ನಂಬಿದರೆ ಮುಖ ತಾನಾಗಿ ಆಡುತ್ತದೆ. ಮುಖವನ್ನೇ ಮೊದಲು ಆಡಿಸಿದರೆ ಗುಟ್ಟು ಬಯಲಾಯಿತು. ತುಂಟತನವನ್ನು ಎಲ್ಲರಿಗೂ ಸಾರಿ ಹೇಳಿದ ಮೇಲೆ ನೋಡುವವರಿಗೆ ಕುತೂಹಲ ಎಲ್ಲಿ ಉಳಿಯುತ್ತದೆ?

ಆದರೆ ಪರೀಕ್ಷೆ ಅಲ್ಲಿಗೆ ಮುಗಿಯಲಿಲ್ಲ. “ಹಾಗೇ ಇನ್ನೊಂದು ಸಲ” ಎಂದಳು. ಮೂರನೆಯ ಸಲ ಚೆನ್ನಾಗಿತ್ತು. ನಾಲ್ಕನೆಯ ಸಲ ಠಣ್ ಎನ್ನುವ ಮೊದಲೇ ಕಣ್ಣು ಮುಚ್ಚಿದ. ಆರನೆಯ ಸಲಕ್ಕೆ ಅವನ ಲಕ್ಷ್ಯವೆಲ್ಲ ಕಿಟಕಿಯ ಪಾರಿವಾಳದ ಮೇಲೆ.

ಇಷ್ಟು ಸಲ ಯಾಕೆ? ಸಿನಿಮಾದಲ್ಲಿ ಅರ್ಧ ನಿಮಿಷದ ಒಂದು ಸನ್ನಿವೇಶವನ್ನು ದೂರದಿಂದ, ನಡುವಿನಿಂದ, ಹತ್ತಿರದಿಂದ, ಎದುರಿನವರ ಹೆಗಲ ಮೇಲಿನಿಂದ ಎಂದು ಬೇರೆ ಬೇರೆಯಾಗಿ ತೆಗೆಯುತ್ತಾರೆ. ಪ್ರತಿ ಸಲವೂ ಮಗು ಡಬ್ಬಿಯನ್ನು ಅದೇ ಕೈಯಲ್ಲಿ, ಅದೇ ಮಾತಿಗೆ ಮುಟ್ಟಬೇಕು. ಇಲ್ಲವಾದರೆ ಸಂಕಲನದಲ್ಲಿ ತುಂಡುಗಳು ಕೂಡುವುದಿಲ್ಲ. ನಿಜವಾದ ತುಂಟ ಮಗು ಒಂದು ಚೇಷ್ಟೆಯನ್ನು ಎರಡನೇ ಸಲ ಮಾಡುವುದಿಲ್ಲ, ಅದಕ್ಕೆ ಬೇಸರ ಬರುತ್ತದೆ. ಆದ್ದರಿಂದ ಬಿಲ್ಡಿಂಗಿನ ಅತಿ ತುಂಟ ಹುಡುಗನೇ ಈ ಪಾತ್ರಕ್ಕೆ ಸರಿ ಎಂದು ಹೇಳಲು ಬರುವುದಿಲ್ಲ. ಮನೆಯಲ್ಲಿ ಮಾತೇ ಆಡದ, ಆದರೆ ಎಲ್ಲವನ್ನೂ ಗಮನಿಸುವ ಮಗು ಎಷ್ಟೋ ಸಲ ಈ ಪಾತ್ರಕ್ಕೆ ಹೆಚ್ಚು ಒದಗುತ್ತದೆ. ಹೇಳಿದ್ದನ್ನು ಕೇಳಿಸಿಕೊಳ್ಳುತ್ತದೆಯೇ, ಕೇಳಿ ಬದಲಾಯಿಸುತ್ತದೆಯೇ, ‘ಸಾಕು’ ಎಂದಾಗ ನಿಲ್ಲಿಸುತ್ತದೆಯೇ, ಇದನ್ನೇ ಅವರು ಮುಖ್ಯವಾಗಿ ನೋಡುವುದು.

ಫಾಲ್ಕೆಯವರ ಮಗಳು

ಈ ಪರೀಕ್ಷೆ ಹೊಸದೇನೂ ಅಲ್ಲ. 1913ರ ‘ರಾಜಾ ಹರಿಶ್ಚಂದ್ರ’ದಲ್ಲಿ ರೋಹಿತಾಶ್ವನ ಪಾತ್ರಕ್ಕೆ ದಾದಾಸಾಹೇಬ್ ಫಾಲ್ಕೆ ತಮ್ಮ ಮಗ ಭಾಲಚಂದ್ರನನ್ನೇ ನಿಲ್ಲಿಸಿದ್ದರು. ಆರು ವರ್ಷದ ನಂತರ, 1919ರ ‘ಕಾಳಿಯ ಮರ್ದನ’ದಲ್ಲಿ ತುಂಟ ಬಾಲಕೃಷ್ಣನ ಪಾತ್ರಕ್ಕೆ ಮಗಳು ಮಂದಾಕಿನಿ ಬಂದಳು. ಕೃಷ್ಣನಾಗಿ ಹುಡುಗಿ!

ಆ ಚಿತ್ರ ಈಗಲೂ ಉಳಿದಿದೆ, ಸಾಧ್ಯವಾದರೆ ಅದರ ಆರಂಭವನ್ನು ನೋಡಿ. ಕಥೆ ಶುರುವಾಗುವ ಮೊದಲು ಫಾಲ್ಕೆ ಒಬ್ಬ ಪುಟ್ಟ ಹುಡುಗಿಯ ಮುಖವನ್ನು ತೋರಿಸುತ್ತಾರೆ. ಅವಳು ಒಂದಾದ ಮೇಲೊಂದು ಭಾವ ತೋರುತ್ತಾಳೆ. ನೋಡುತ್ತಿದ್ದಂತೆ ಆ ಹುಡುಗಿ ಕರಗಿ, ಅದೇ ಜಾಗದಲ್ಲಿ ಕೃಷ್ಣವೇಷ ಮೂಡುತ್ತದೆ. ಇಂದು ಅಂಧೇರಿಯ ಬಿಳಿ ಗೋಡೆಯ ಮುಂದೆ ನಡೆಯುವ ಆಡಿಷನ್ ಮತ್ತು ಲುಕ್ ಟೆಸ್ಟ್ ಎರಡನ್ನೂ ಅವರು ನೂರು ವರ್ಷದ ಹಿಂದೆ ಪ್ರೇಕ್ಷಕರ ಮುಂದೆಯೇ ಇಟ್ಟುಬಿಟ್ಟಂತಿದೆ. ಇವಳು ನಮ್ಮನಿಮ್ಮಂಥ ಮನೆಯ ಮಗು, ಇನ್ನು ಮುಂದೆ ನಿಮಗೆ ಕೃಷ್ಣ. ನನಗೆ ಇಡೀ ಭಾರತೀಯ ಮೂಕಿ ಚಿತ್ರಗಳಲ್ಲಿ ಅತಿ ಪ್ರೀತಿಯ ಗಳಿಗೆ ಇದು.

ಹುಡುಗಿ ಕೃಷ್ಣನಾಗಬಹುದು ಎನ್ನುವುದರಲ್ಲಿ ಇನ್ನೊಂದು ಮಾತಿದೆ. ಹದಿಹರೆಯಕ್ಕೆ ಮೊದಲು ಗಂಡು ಹೆಣ್ಣು ಮಕ್ಕಳ ದನಿ, ಮೈಕಟ್ಟುಗಳಲ್ಲಿ ಹೆಚ್ಚಿನ ವ್ಯತ್ಯಾಸ ಇರುವುದಿಲ್ಲ. ಹಾಗಾಗಿ ಮಾಯಾಜೀವಿಯ ಪಾತ್ರಕ್ಕೆ ‘ಹುಡುಗ ಬೇಕು’ ಎಂದಿದ್ದರೂ ಹುಡುಗಿಯ ವಿಡಿಯೊ ಕಳಿಸಿ ನೋಡುವುದರಲ್ಲಿ ತಪ್ಪಿಲ್ಲ.

ಯಕ್ಷಗಾನ ಕಲಿತ ಮಕ್ಕಳು

ಮುಂಬಯಿ ಕನ್ನಡಿಗರ ಮನೆಯ ಎಷ್ಟೋ ಮಕ್ಕಳು ಸಂಘಗಳಲ್ಲಿ ಯಕ್ಷಗಾನ ಕಲಿಯುತ್ತಾರೆ. ಮೇಳಗಳಲ್ಲಿ ಹೊಸ ಹುಡುಗರು ಹೆಜ್ಜೆ ಹಾಕುತ್ತಿದ್ದದ್ದೇ ಪ್ರಸಂಗಕ್ಕೆ ಮುಂಚಿನ ಪೂರ್ವರಂಗದ ಕೋಡಂಗಿ, ಬಾಲಗೋಪಾಲ ವೇಷಗಳಿಂದ. ಅಂದರೆ ತುಂಟತನವೇ ನಮ್ಮಲ್ಲಿ ಮೊದಲ ಪಾಠ. ಆ ಮಕ್ಕಳಿಗೆ ತಾಳ ಗೊತ್ತು, ಭಾರದ ವೇಷ ಹೊತ್ತು ಗೊತ್ತು, ಜನರೆದುರು ಅಂಜಿಕೆ ಇಲ್ಲ. ಫ್ಯಾಂಟಸಿ ಚಿತ್ರಕ್ಕೆ ಇದೆಲ್ಲ ಬೇಕಾದದ್ದೇ.

ಬದಲಾಗಬೇಕಾದದ್ದು ಅಳತೆ. ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲೋ ಮಾಹಿಮ್‌ನ ಕರ್ನಾಟಕ ಸಂಘದಲ್ಲೋ ವೇದಿಕೆ ಹತ್ತಿದ ಮಗು ಕಡೆಯ ಸಾಲಿನ ಅಜ್ಜನಿಗೂ ಕಾಣುವಂತೆ ಕಣ್ಣು ಅರಳಿಸಬೇಕು. ಕ್ಯಾಮೆರಾ ಒಂದು ಮಾರು ದೂರದಲ್ಲಿ ಇರುವಾಗ ಆ ಅಜ್ಜ ಮಗುವಿನ ಮೂಗಿನ ಎದುರೇ ಕೂತಂತೆ. ಅಷ್ಟು ಹತ್ತಿರಕ್ಕೆ ರೆಪ್ಪೆ ಒಮ್ಮೆ ಅಲುಗಿದರೂ ಸಾಕು. ಆಡಿಷನ್ನಿಗೆ ಹೋಗುವ ಮುನ್ನ ಮಗುವಿಗೆ ಒಂದೇ ಒಂದು ಅಭ್ಯಾಸ ಮಾಡಿಸಬಹುದು: ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸದೆ ಮಾತಾಡುವುದು. ಮಾತನ್ನು ಬಾಯಿಪಾಠ ಮಾಡಿಸಿ ಹಾವಭಾವ ತಿದ್ದಿ ಕಳಿಸಿದರೆ ಅಲ್ಲಿ ಅದನ್ನೆಲ್ಲ ಬಿಡಿಸಲು ಅರ್ಧ ಹೊತ್ತು ಹೋಗುತ್ತದೆ.

ಇಲ್ಲದ್ದನ್ನು ನೋಡುವ ಕೆಲಸ

ಫ್ಯಾಂಟಸಿಯಲ್ಲಿ ಮಗುವಿನ ಎದುರು ಹಲವು ಸಲ ಏನೂ ಇರುವುದಿಲ್ಲ. ಹಿಂದೆ ಹಸಿರು ಅಥವಾ ನೀಲಿ ಪರದೆ. ರಾಕ್ಷಸ ಇರುವ ಜಾಗದಲ್ಲಿ ಕೋಲಿನ ತುದಿಗೆ ಸಿಕ್ಕಿಸಿದ ಒಂದು ಚೆಂಡು. ಮಗು ಆ ಚೆಂಡನ್ನೇ ನೋಡಿ ಕೀಟಲೆ ಮಾಡಬೇಕು. ರಾಕ್ಷಸನನ್ನು ಆಮೇಲೆ ಕಂಪ್ಯೂಟರಿನಲ್ಲಿ ಕೂಡಿಸುತ್ತಾರೆ. ಹಾರುವ ದೃಶ್ಯವಾದರೆ ಸೊಂಟಕ್ಕೆ ಪಟ್ಟಿ ಕಟ್ಟಿ ತಂತಿಯಲ್ಲಿ ಎತ್ತುತ್ತಾರೆ. ಕೋಡು, ಚೂಪು ಕಿವಿಗಳಿದ್ದರೆ ಗಂಟೆಗಟ್ಟಲೆ ಮೇಕಪ್ ಕುರ್ಚಿಯಲ್ಲಿ ಕೂರಬೇಕು.

ದೊಡ್ಡ ನಟರಿಗೂ ಕಷ್ಟವಾಗುವ ಈ ಕೆಲಸ ಮಕ್ಕಳಿಗೆ ಒಂದು ರೀತಿಯಲ್ಲಿ ಸುಲಭ. ಬೆಂಕಿಪೆಟ್ಟಿಗೆಯನ್ನು ಲೋಕಲ್ ಟ್ರೈನ್ ಮಾಡಿ ಆಡುವ ಮಗುವಿಗೆ ಚೆಂಡನ್ನು ರಾಕ್ಷಸ ಎಂದು ನಂಬುವುದು ದೊಡ್ಡದಲ್ಲ. ಕಾಯುವುದು ಮಾತ್ರ ಕಷ್ಟ. ಕಾರ್ಯಾಗಾರ ಬೇಕಾಗುವುದು ಇಲ್ಲೇ. ಆಟ ಆಡಿಸುತ್ತಾ ಮಗುವಿಗೆ ತಂತಿ, ದೀಪ, ಜನರ ಗದ್ದಲ ರೂಢಿ ಮಾಡಿಸುತ್ತಾರೆ. ನಿರ್ದೇಶಕ ಅಮೋಲ್ ಗುಪ್ತೆ 2011ರ ‘ಸ್ಟ್ಯಾನ್ಲಿ ಕಾ ಡಬ್ಬಾ’ವನ್ನು, ಅದು ಫ್ಯಾಂಟಸಿ ಅಲ್ಲದಿದ್ದರೂ, ಶಾಲೆಯಲ್ಲಿ ಶನಿವಾರಗಳಂದು ಮಕ್ಕಳ ನಾಟಕ ಕಾರ್ಯಾಗಾರ ನಡೆಸುತ್ತಲೇ, ದಿನಕ್ಕೆ ಕೆಲವೇ ಗಂಟೆ ಚಿತ್ರೀಕರಿಸಿದರು. ಮಕ್ಕಳಿಗೆ ಅದು ಶೂಟಿಂಗ್ ಅನ್ನಿಸಲೇ ಇಲ್ಲ.

ಹಲ್ಲು, ಎತ್ತರ, ದನಿ

ಚೆನ್ನಾಗಿ ಆಡಿದ ಮಗುವೂ ಬೇರೆ ಕಾರಣಕ್ಕೆ ಬಿಟ್ಟುಹೋಗಬಹುದು. ಆರೇಳು ವರ್ಷಕ್ಕೆ ಮುಂದಿನ ಹಾಲುಹಲ್ಲು ಬೀಳುತ್ತವೆ, ಹನ್ನೆರಡರ ಹೊತ್ತಿಗೆ ಎಲ್ಲ ಬದಲಾಗಿರುತ್ತವೆ. ಈ ವಯಸ್ಸಿನ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಬೆಳೆಯುತ್ತದೆ. ಗ್ರಾಫಿಕ್ಸ್ ಹೆಚ್ಚಿರುವ ಚಿತ್ರದ ಶೂಟಿಂಗ್ ತಿಂಗಳುಗಟ್ಟಲೆ ಎಳೆದರೆ ಬಾಗಿಲು ದಾಟುವಾಗ ಒಂದು ಎತ್ತರ, ಒಳಗೆ ಬಂದಾಗ ಇನ್ನೊಂದು. ಹಲ್ಲಿನ ಜಾಗಕ್ಕೆ ಕೃತಕ ಹಲ್ಲು ಇಡಬಹುದು, ಬೆಳೆದ ಎತ್ತರವನ್ನು ಇಳಿಸಲು ಆಗದು. 12 ದಾಟಿದ ಹುಡುಗರಲ್ಲಿ ದನಿ ಒಡೆಯುವ ಚಿಂತೆ ಬೇರೆ. ಪಾತ್ರದ ವಯಸ್ಸಿಗಿಂತ ನಿಮ್ಮ ಮಗು ಒಂದೆರಡು ವರ್ಷ ದೊಡ್ಡದಿದ್ದು ಗಿಡ್ಡಗಿದ್ದರೆ ಅದು ಅನುಕೂಲವೇ.

ಕಾನೂನು ಏನು ಹೇಳುತ್ತದೆ

ಅಕ್ಕ ಕೇಳಿದ ಮೊದಲ ಪ್ರಶ್ನೆ ಇದೇ: “ಮಕ್ಕಳನ್ನು ಕೆಲಸಕ್ಕೆ ಕಳಿಸುವ ಹಾಗಿಲ್ಲ ಅಲ್ಲವಾ?” ಹೌದು. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಬಂದ ತಿದ್ದುಪಡಿ 14 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿದೆ. ಸಿನಿಮಾ, ಧಾರಾವಾಹಿ, ಜಾಹೀರಾತುಗಳಲ್ಲಿ ಕಲಾವಿದರಾಗಿ ಪಾಲ್ಗೊಳ್ಳುವುದಕ್ಕೆ ವಿನಾಯಿತಿ ಇದೆ, ಸರ್ಕಸ್ಸಿಗೆ ಇಲ್ಲ. ವಿನಾಯಿತಿಯ ಷರತ್ತುಗಳು 2017ರ ನಿಯಮಗಳಲ್ಲಿ ಬಂದವು.

ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಇಲ್ಲ, ಬಿಡುವಿಲ್ಲದೆ 3 ಗಂಟೆ ಮೀರುವಂತಿಲ್ಲ. ಶಾಲೆಯ ಪಾಠ ತಪ್ಪದಂತೆ ವ್ಯವಸ್ಥೆ ಮಾಡಬೇಕು. ಒಂದೇ ಸಮನೆ 27 ದಿನಕ್ಕಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ಮಕ್ಕಳ ಸುರಕ್ಷತೆಗೆ ಹೊಣೆಗಾರರೊಬ್ಬರನ್ನು ಹೆಸರಿಸಬೇಕು, ಒಬ್ಬರ ಮೇಲೆ ಐದಕ್ಕಿಂತ ಹೆಚ್ಚು ಮಕ್ಕಳ ಹೊಣೆ ಇರಬಾರದು. ಮಗುವಿಗೆ ಇಷ್ಟವಿಲ್ಲದೆ ಪಾಲ್ಗೊಳ್ಳುವಂತೆ ಮಾಡಬಾರದು ಎಂದೂ ನಿಯಮದಲ್ಲೇ ಇದೆ. ತಂದೆತಾಯಿಯ ಒಪ್ಪಿಗೆಯ ಜೊತೆ ಮಗುವಿನ ಒಪ್ಪಿಗೆಯೂ ಬೇಕು.

ದುಡ್ಡಿನ ವಿಷಯ. ಮಗುವಿನ ಗಳಿಕೆಯಲ್ಲಿ ಕನಿಷ್ಠ 20 ಶೇಕಡಾವನ್ನು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನ ಠೇವಣಿಗೆ ನೇರವಾಗಿ ಹಾಕಬೇಕು, ಅದು ಮಗು ವಯಸ್ಕನಾದಾಗ ಕೈಗೆ ಬರುತ್ತದೆ. ಒಂದು ಲಕ್ಷ ರೂಪಾಯಿ ಸಂಭಾವನೆಯಾದರೆ 20,000 ರೂಪಾಯಿ ಠೇವಣಿಗೆ.

ಅನುಮತಿ ಕೊಡುವವರು ಜಿಲ್ಲಾಧಿಕಾರಿ, ಅದೂ ಚಿತ್ರೀಕರಣ ನಡೆಯುವ ಜಿಲ್ಲೆಯವರು. ಇದು ಮುಂಬಯಿಯವರಿಗೆ ಮುಖ್ಯ. ಗೋರೆಗಾಂವ್ ಫಿಲ್ಮ್ ಸಿಟಿ ಮುಂಬಯಿ ಉಪನಗರ ಜಿಲ್ಲೆಯಲ್ಲಿದೆ. ಸೆಟ್ ವಸಾಯಿ ಬಳಿಯ ನಾಯ್‌ಗಾಂವ್‌ನಲ್ಲಿದ್ದರೆ ಪಾಲ್ಘರ್ ಜಿಲ್ಲೆ, ಕರ್ಜತ್‌ನಲ್ಲಿದ್ದರೆ ರಾಯಗಡ. ಅರ್ಜಿ ಹಾಕಬೇಕಾದದ್ದು ನಿರ್ಮಾಪಕರು, ನೀವಲ್ಲ. ಆದರೆ ಅನುಮತಿಪತ್ರದ ಪ್ರತಿಯನ್ನು ಕೇಳಿ ಇಟ್ಟುಕೊಳ್ಳಿ. ಕೇಳಿದರೆ ಅವಕಾಶ ತಪ್ಪೀತು ಎಂದು ಹೆದರುವವರು ಬಹಳ ಮಂದಿ. ಸರಿಯಾದ ತಂಡದಲ್ಲಿ ಈ ಪ್ರಶ್ನೆಗೆ ಯಾರೂ ಮುಖ ಗಂಟಿಕ್ಕುವುದಿಲ್ಲ.

ಇದರ ಜೊತೆಗೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿಗಳೂ ಇವೆ. ಸೆಟ್ಟಿನಲ್ಲಿ ತಂದೆ, ತಾಯಿ ಅಥವಾ ಮಗುವಿಗೆ ಪರಿಚಯ ಇರುವ ಒಬ್ಬರು ಉದ್ದಕ್ಕೂ ಇರಬೇಕು ಎನ್ನುತ್ತವೆ ಅವು. ಅಂದಮೇಲೆ ಮನೆಯಲ್ಲಿ ಒಬ್ಬರ ರಜೆಯ ಲೆಕ್ಕವನ್ನೂ ಹಾಕಬೇಕು. ಹೋಟೆಲಿನಲ್ಲಿ, ಕಚೇರಿಯಲ್ಲಿ ದುಡಿಯುವ ನಮ್ಮಂಥ ಮನೆಗಳಿಗೆ ಇದು ಸಣ್ಣ ಮಾತಲ್ಲ.

ದುಡ್ಡು ಕೇಳಿದರೆ

ಆಡಿಷನ್ನಿಗೆ ದುಡ್ಡು ಕೊಡಬೇಕಾಗಿಲ್ಲ. ನೋಂದಣಿ ಶುಲ್ಕ, ಪೋರ್ಟ್‌ಫೋಲಿಯೊ ಶುಲ್ಕ, ಆರ್ಟಿಸ್ಟ್ ಕಾರ್ಡ್ ಎಂದು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ನಮ್ಮ ಗುಂಪಿನಲ್ಲೇ ಒಬ್ಬರಿಗೆ “ಮಗು ಆಯ್ಕೆಯಾಗಿದೆ, ವೇಷದ ಖರ್ಚಿಗೆ ಹಣ ಕಳಿಸಿ” ಎಂದು ಕರೆ ಬಂದಿತ್ತು. ಅವರ ಮಗು ಆಡಿಷನ್ನಿಗೇ ಹೋಗಿರಲಿಲ್ಲ. ವಿಡಿಯೊದಲ್ಲಿ ಶಾಲೆಯ ಸಮವಸ್ತ್ರ, ಮನೆಯ ವಿಳಾಸ ಕಾಣದಂತೆ ನೋಡಿಕೊಳ್ಳಿ. ನೂರಾರು ಜನರಿರುವ ಗುಂಪಿಗೆ ಮಗುವಿನ ಫೋಟೊ ಹಾಕುವ ಬದಲು, ಯಾರು ಕೇಳುತ್ತಿದ್ದಾರೆ ಎಂದು ಖಚಿತಪಡಿಸಿಕೊಂಡು ಅವರಿಗಷ್ಟೇ ಕಳಿಸಿ.

ಫೋನ್ ಬಂದ ದಿನ

ಲಾಡು ಡಬ್ಬಿಯ ಪರೀಕ್ಷೆಯಾಗಿ ಹತ್ತು ದಿನಕ್ಕೆ ಮತ್ತೆ ಕರೆದರು. ಈ ಸಲ ತಂಗಿಯ ಪಾತ್ರಕ್ಕೆ ಗೊತ್ತಾಗಿದ್ದ ಹುಡುಗಿಯ ಪಕ್ಕದಲ್ಲಿ ಅವನನ್ನು ನಿಲ್ಲಿಸಿದರು. ಅವಳು ಅವನಿಗಿಂತ ಎರಡು ಬೆರಳು ಎತ್ತರ. ಇಬ್ಬರೂ ಚೆನ್ನಾಗಿ ಆಡಿದರು, ಡಬ್ಬಿಗಾಗಿ ನಿಜವಾಗಿಯೇ ಜಗಳವಾಡಿದರು. ವಾರದ ನಂತರ ಬಂದ ಫೋನಿನಲ್ಲಿ ಆಡಿಷನ್ ಮಾಡಿಸಿದ್ದ ಹುಡುಗಿ ನಯವಾಗಿಯೇ ಹೇಳಿದಳು: ಅಣ್ಣ ತಂಗಿಗಿಂತ ಗಿಡ್ಡ ಕಾಣುತ್ತಾನೆ, ಬೇರೆ ಹುಡುಗನನ್ನು ತೆಗೆದುಕೊಂಡಿದ್ದೇವೆ.

ಅಕ್ಕನಿಗೆ ಸ್ವಲ್ಪ ಬೇಜಾರಾಯಿತು. ಅವನು ಮಾತ್ರ ನನ್ನನ್ನು ಬದಿಗೆ ಕರೆದು ಕೇಳಿದ: “ಮಾಮ, ಆ ಡಬ್ಬಿಯಲ್ಲಿ ಲಾಡು ಇರಲೇ ಇಲ್ಲ ಗೊತ್ತುಂಟಾ? ನಾನು ಅಮ್ಮನಿಗೆ ಹೇಳಲಿಲ್ಲ.”